ಎದುರಿಗೆ ನುಂಗಿದ ಮಾತ್ರೆ

"ದಿನಾ ಸ್ನಾನ ಮಾಡ್ತೀಯೇನಮ್ಮ?"

ಡಾಕ್ಟರ್ ರಘುನಂದನ್ ಈ ಪ್ರಶ್ನೆಯನ್ನು ಚಿಕ್ಕಬೋರಮ್ಮನ ಮುಖ ನೋಡಿ ಕೇಳಲಿಲ್ಲ. ಮೊಬೈಲು ನೋಡುತ್ತ ಕೇಳಿದರು. ಪಾಂಡವಪುರದ ಆ ಕ್ಲಿನಿಕ್ಕಿನಲ್ಲಿ ಪರದೆಯೊಂದು ಇತ್ತಾದರೂ ಅದು ಬಾಗಿಲಿನ ಅರ್ಧಕ್ಕೇ ನಿಲ್ಲುತ್ತಿತ್ತು. ಆಚೆ ಬೆಂಚಿನ ಮೇಲೆ ಕೂತವರಿಗೆ ಪ್ರಶ್ನೆ ಸ್ಪಷ್ಟವಾಗಿ ಕೇಳಿಸಿತು. ಉತ್ತರ ಏನು ಬರುತ್ತದೋ ಎಂದು ಅವರೂ ಮಾತು ನಿಲ್ಲಿಸಿದರು.

"ಮಾಡ್ತೀನಿ ಸ್ವಾಮಿ. ಕೊಟ್ಟಿಗೇಲಿ ಸಗಣಿ ಬಾಚೋರು ಸ್ನಾನ ಮಾಡ್ದೆ ಇರಾಕಾಯ್ತದಾ?"

"ಮಾತ್ರೆ?"

"ಒಂದಿನಾನೂ ತಪ್ಸಿಲ್ಲ."

"ಎಲ್ಲರೂ ಹೇಳೋದು ಇದನ್ನೇ. ಒಂದು ವಾರ ನುಂಗ್ತೀರಿ, ಕಡಿತ ಕಮ್ಮಿ ಆದ ತಕ್ಷಣ ಬಿಡ್ತೀರಿ. ಆಮೇಲೆ ಡಾಕ್ಟ್ರು ಸರಿಯಿಲ್ಲ ಅಂತೀರಿ." ಹಿಂದೆ ಬರೆದಿದ್ದ ಮಾತ್ರೆಯನ್ನೇ ಮತ್ತೆ ಬರೆದು, ದಿನಕ್ಕೆ ಒಂದು ಇದ್ದದ್ದನ್ನು ಎರಡು ಮಾಡಿ ಚೀಟಿ ಚಾಚಿದರು. "ಈ ಸಲ ಸರಿಯಾಗಿ ತಗೋ."

ಚಿಕ್ಕಬೋರಮ್ಮನಿಗೆ ಹುಳುಕಡ್ಡಿ ಹತ್ತಿ ವರ್ಷ ಕಳೆದಿತ್ತು. ಮೊದಲು ಸೊಂಟದಲ್ಲಿ, ಲಂಗದ ಲಾಡಿ ಬಿಗಿಯುವ ಜಾಗದಲ್ಲಿ ಒಂದು ಕೆಂಪು ಬಳೆ ಮೂಡಿತು. ಚಿನಕುರಳಿಯ ಔಷಧಿ ಅಂಗಡಿಯವನು ಒಂದು ಟ್ಯೂಬು ಕೊಟ್ಟ. ಹಚ್ಚಿದ ಎರಡು ದಿನಕ್ಕೆ ಕಡಿತ ನಿಂತಿತು, ಬಿಟ್ಟ ವಾರಕ್ಕೆ ಎರಡರಷ್ಟಾಗಿ ಬಂತು. ಅಂಥ ಮೂರು ಟ್ಯೂಬು ಮುಗಿಸಿದ ಮೇಲೆಯೇ ಆಕೆ ಡಾಕ್ಟರ ಹತ್ತಿರ ಬಂದದ್ದು. ಅದನ್ನು ಆಕೆ ಮುಚ್ಚಿಡಲಿಲ್ಲ, ಮೊದಲ ದಿನವೇ ಹೇಳಿದ್ದಳು. ಅಲ್ಲಿಂದ ಮುಂದೆ ಬರೆದುಕೊಟ್ಟ ಮಾತ್ರೆಯನ್ನು ಹೇಳಿದ ಹೊತ್ತಿಗೆ ನುಂಗಿದ್ದಳು. ಹುಳುಕಡ್ಡಿ ಸೊಂಟದಿಂದ ಹೊಟ್ಟೆಗೆ, ಹೊಟ್ಟೆಯಿಂದ ಮೊಣಕೈಗೆ ಬಂದು, ಈಗ ರವಿಕೆಯ ತೋಳಿನ ಅಡಿಯಲ್ಲಿ ಇನ್ನೊಂದು ಬಳೆಯಂತೆ ಕೂತಿತ್ತು.

ರಘುನಂದನ್ ವಾರದ ಹೆಚ್ಚಿನ ದಿನ ಪಾಂಡವಪುರದಲ್ಲಿ, ಮಂಗಳವಾರ ನಾಗಮಂಗಲದಲ್ಲಿ, ಶನಿವಾರ ಕೆ.ಆರ್. ಪೇಟೆಯಲ್ಲಿ ರೋಗಿಗಳನ್ನು ನೋಡುತ್ತಿದ್ದರು. ಮೂರು ತಾಲ್ಲೂಕಿನ ಚರ್ಮಕ್ಕೂ ಅವರ ಬಳಿ ಇದ್ದದ್ದು ಒಂದೇ ಮಾತ್ರೆ, ಒಂದೇ ಪ್ರಶ್ನೆ.

ಆಕೆ ಚೀಟಿ ಮಡಚಿಕೊಂಡು ಹೊರಬಂದಾಗ ಬೆಂಚಿನ ಮೇಲಿದ್ದ ಹೆಂಗಸೊಬ್ಬಳು ತನ್ನ ಸೀರೆಯ ಸೆರಗನ್ನು ಹತ್ತಿರಕ್ಕೆ ಎಳೆದುಕೊಂಡಳು.

*

ಊರಿನ ಡೇರಿಯಲ್ಲಿ ಹಾಲಿಗೆ ಪರೀಕ್ಷೆ ಇಲ್ಲದ ಹೊತ್ತು ಇಲ್ಲ. ಬೆಳಿಗ್ಗೆ, ಸಂಜೆ, ಸಾಲಿನಲ್ಲಿ ನಿಂತ ಪ್ರತಿಯೊಬ್ಬರ ಹಾಲಿನಿಂದ ಒಂದಿಷ್ಟನ್ನು ಸೆಕ್ರೆಟರಿ ನಾಗರಾಜು ಮಿಷಿನ್ನಿನ ಬಾಯಿಗೆ ಹಿಡಿಯುತ್ತಾನೆ. ನಿಂತವರು ಉಸಿರೆಳೆದು ಬಿಡುವಷ್ಟರಲ್ಲಿ ಫ್ಯಾಟು ಎಷ್ಟು, ಗಟ್ಟಿತನದ ಡಿಗ್ರಿ ಎಷ್ಟು ಎಂದು ಕೆಂಪು ಅಕ್ಷರದಲ್ಲಿ ಬರುತ್ತದೆ. ಅದನ್ನು ಎಲ್ಲರೂ ನೋಡುತ್ತಾರೆ. ಯಾರ ಮನೆಯ ಹಾಲು ಎಷ್ಟು ಗಟ್ಟಿ ಎಂಬುದು ಈ ಊರಿನಲ್ಲಿ ಗುಟ್ಟಲ್ಲ.

ಆ ಸಂಜೆ ಚಿಕ್ಕಬೋರಮ್ಮ ನಲ್ಲಿಯಲ್ಲಿ ಕೈ ತೊಳೆದು, ಮೊಳೆಗೆ ನೇತುಹಾಕಿದ್ದ ಟವೆಲ್ಲಿಗೆ ಒರೆಸಿಕೊಂಡು ಸಾಲಿಗೆ ಬಂದಳು. ಹಾಲು ಹಾಕುವ ಮೊದಲು ಕೈ ತೊಳೆದು ಒರೆಸಿಕೊಳ್ಳಬೇಕು ಎಂಬುದು ಡೇರಿಯ ನಿಯಮ; ಶುದ್ಧ ಹಾಲಿನ ತರಬೇತಿ ಆದ ಮೇಲೆ ಬಂದದ್ದು. ಆಕೆ ಕ್ಯಾನು ಎತ್ತುವಾಗ ನಾಗರಾಜು ಅಡ್ಡ ಕೈ ಹಿಡಿದ. ಅವನ ಇನ್ನೊಂದು ಕೈಯಲ್ಲಿ ಬೀಗದ ಕೈ ಗೊಂಚಲಿತ್ತು. ಅದರಿಂದ ಬೆಲ್ಟಿನ ಹಿಂಬದಿ ಕೆರೆದುಕೊಳ್ಳುವುದು ಅವನ ಅಭ್ಯಾಸ.

"ಅಕ್ಕ, ನಿಂದು ವಸಿ ನಿಲ್ಲುಸ್ಬೇಕಾಯ್ತದೆ."

"ಯಾಕ್ಲಾ? ಡಿಗ್ರಿ ಬಂದಿಲ್ವಾ?"

"ಆಲಿಂದಲ್ಲ. ನಿನ್ ಕೈದು."

ಸಾಲಿನಲ್ಲಿದ್ದ ಹೇಮಶ್ರೀ ನೆಲ ನೋಡಿದಳು. ಪಕ್ಕದ ಮನೆಯ ಸೊಸೆ, ಕೂಸಿನ ತಾಯಿ. ಎರಡು ದಿನದ ಹಿಂದೆ ನಲ್ಲಿಯ ಹತ್ತಿರ ಚಿಕ್ಕಬೋರಮ್ಮ ರವಿಕೆಯ ತೋಳು ಮೇಲೆ ಸರಿಸಿದಾಗ ನೋಡಿದ್ದಳು, ಸಂಜೆಯೇ ಬಂದು ನಾಗರಾಜುಗೆ ಹೇಳಿದ್ದಳು. ತಾಯಿ ಹೆದರುವುದು ತಪ್ಪಲ್ಲ. ಆದರೆ ಅಷ್ಟಕ್ಕೇ ನಿಂತಿರಲಿಲ್ಲ.

"ನಾನೇ ರಘುನಂದನ್ ಡಾಕ್ಟ್ರಿಗೆ ಫೋನ್ ಮಾಡಿ ಕೇಳ್ದೆ ಅಕ್ಕ," ಎಂದ ನಾಗರಾಜು. "ನಂಗೆ ಅವ್ರು ಪರಿಚಯ. ಔಷ್ದಿ ಚೆನ್ನಾಗೈತೆ, ಆಯಮ್ಮ ತಗೊತಿಲ್ಲ, ತಗಂಡಿದ್ರೆ ಯಾವತ್ತೋ ವಾಸಿಯಾಗಿರದು ಅಂದ್ರು."

ಅವನು ಇದನ್ನು ಮೆಲ್ಲಗೆ ಹೇಳಬಹುದಿತ್ತು. ಡಾಕ್ಟರು ಹೇಳದೆಯೇ ಇರಬಹುದಿತ್ತು. ಒಬ್ಬರ ಚರ್ಮದ ವಿಷಯ ಇನ್ನೊಬ್ಬರಿಗೆ ಫೋನಿನಲ್ಲಿ ತಿಳಿಸುವುದು ಯಾವ ವೈದ್ಯ ಧರ್ಮವೂ ಅಲ್ಲ. ಈಗ ಊರಿನ ಅರ್ಧ ಜನ ಅದನ್ನು ಕೇಳಿಸಿಕೊಂಡಾಗಿತ್ತು. ಚಿಕ್ಕಬೋರಮ್ಮ ಕೊಳಕಿ ಮಾತ್ರವಲ್ಲ, ಸುಳ್ಳಿ ಕೂಡ ಎಂದಾಯಿತು.

"ನಾನು ತಗೊತಿಲ್ಲ ಅಂತ ಅವ್ರು ಕಂಡವ್ರಾ?"

"ಡಾಕ್ಟ್ರು ಕಣಕ್ಕ. ಅವ್ರಿಗೆ ಗೊತ್ತಾಗಾಕಿಲ್ವಾ?" ಅವನು ದನಿ ತಗ್ಗಿಸಿ ದಾರಿಯನ್ನೂ ತೋರಿಸಿದ. "ಒಂದ್ ಕೆಲ್ಸ ಮಾಡು. ನಾಳೆಯಿಂದ ನಿಮ್ಮನೆಯೋರು ಕೆಂಪಣ್ಣನ ಕೈಲಿ ಕಳ್ಸು. ಯಾರೂ ಏನೂ ಅನ್ನಾಕಿಲ್ಲ."

"ಕರ್ಯಾದು ಯಾರ್ಲಾ?"

ನಾಗರಾಜು ಬೀಗದ ಕೈಯನ್ನು ಬೆಲ್ಟಿನ ಹಿಂದಕ್ಕೆ ಒಯ್ದ.

"ಕರ್ಯಾದು ನಾನೇ, ಇದೇ ಕೈಲಿ. ತಂದು ಉಯ್ಯಾದು ಅವ್ರು. ಆಗ ಆಲು ಸುದ್ದ ಆಗ್ಬುಡ್ತದಾ? ನಿಂಗೆ ಬೇಕಾಗಿರಾದು ರೋಗ ಓಗಾದಲ್ಲ, ಕಣ್ಣಿಗೆ ಕಾಣ್ದೆ ಇರಾದು."

ಆಕೆ ಕ್ಯಾನು ಎತ್ತಿಕೊಂಡು ತಿರುಗಿದಳು. ಮರುದಿನದಿಂದ ಆ ಹಾಲನ್ನು ಚಿನಕುರಳಿಯ ಹೋಟೆಲಿನವನು ತೆಗೆದುಕೊಂಡ. ಅವನು ಕೈಯನ್ನೂ ನೋಡಲಿಲ್ಲ, ಹಾಲನ್ನೂ ಪರೀಕ್ಷಿಸಲಿಲ್ಲ.

*

"ಬುಡಮ್ಮಿ ಅತ್ಲಾಗೆ," ಎಂದ ಗಂಡ ಕೆಂಪಣ್ಣ. "ನಾನೇ ತಗಂಡೋಗಿ ಉಯ್ತೀನಿ. ಮೆಂಬರ್‍ಶಿಪ್ಪು ಎಲ್ಲೂ ಓಗಾಕಿಲ್ಲ."

"ಮೆಂಬರ್‍ಶಿಪ್ಪಿನ ಮಾತಲ್ಲ. ಸುಳ್ಳಿ ಅಂದ್ರು ನನ್ನ."

"ಅಂದ್ರೆ ಅನ್ಲಿ. ಅನ್ನೋರ ಬಾಯಿ ಒಲ್ಯಾಕಾಯ್ತದಾ?"

ಚಿಕ್ಕಬೋರಮ್ಮ ಕೊಟ್ಟಿಗೆಗೆ ಹೋದಳು. ಅಲ್ಲಿ ಕಟ್ಟಿದ್ದ ಕೆಂದ ಹಸುವಿನ ತಾಯಿಯ ನೆನಪಾಯಿತು. ಆ ತಾಯಿ ಹಸುವಿನ ಹಾಲಿಗೆ ಡಿಗ್ರಿ ಬರುತ್ತಿರಲಿಲ್ಲ. ನೀರು ಬೆರೆಸುತ್ತಾಳೆ ಎಂದು ಆಗಿನ ಸೆಕ್ರೆಟರಿ ಮಂಚಯ್ಯ ಹಾಲು ವಾಪಸು ಮಾಡಿದ್ದ. ಆಗ ಆಕೆ ಜಗಳವಾಡಲಿಲ್ಲ. ಎದುರಿಗೆ ಕರೆಸಿ ನೋಡಿ ಎಂದಳು. ಡೇರಿಯಲ್ಲಿ ಅದಕ್ಕೆ ಕ್ರಮವಿದೆ: ಹಾಲು ಅನುಮಾನವಾದರೆ ಸೆಕ್ರೆಟರಿ, ಇನ್ನೊಬ್ಬ ಮೆಂಬರು ಕೊಟ್ಟಿಗೆಗೇ ಬರಬೇಕು, ಖಾಲಿ ಪಾತ್ರೆಯನ್ನು ಬೋರಲು ಹಾಕಿ ತೋರಿಸಬೇಕು, ಅವರ ಕಣ್ಣೆದುರೇ ಹಸು ಕರೆಯಬೇಕು, ಆ ಹಾಲನ್ನು ಅಲ್ಲೇ ಅಳೆಯಬೇಕು. ಮಂಚಯ್ಯ ಬಂದ, ಅಳೆದ. ಡಿಗ್ರಿ ಅಷ್ಟೇ ಇತ್ತು. ಹಸುವಿನ ಹಾಲೇ ತೆಳು, ನೀರು ಹಾಕಿರಲಿಲ್ಲ. ಮಂಚಯ್ಯ ಅದನ್ನು ಡೇರಿಯ ಮುಂದೆ ನಿಂತು ಹೇಳಿದ್ದ.

ಹಸುವಿನ ಮೇಲೆ ಬಂದ ಮಾತಿಗೆ ಒಂದು ದಾರಿ ಇತ್ತು. ಆಕೆಯ ಮೇಲೆ ಬಂದ ಮಾತಿಗೆ ಏನಿದೆ?

ಮರುದಿನ ಸಂಜೆ ಚಿಕ್ಕಬೋರಮ್ಮ ಡೇರಿಗೆ ಕ್ಯಾನಿಲ್ಲದೆ ಬಂದಳು. ಕೈಯಲ್ಲಿ ಒಂದು ಲೋಟ ಹಾಲಿತ್ತು, ಸೊಂಟದಲ್ಲಿ ಮಾತ್ರೆಯ ಪೊಟ್ಟಣ. ಪೊಟ್ಟಣವನ್ನು ನಾಗರಾಜುವಿನ ಮೇಜಿನ ಮೇಲೆ ಇಟ್ಟಳು.

"ತಿಂಗ್ಳಿಗೆ ಬರ್ದವ್ರೆ. ಎಲ್ಲಾ ನಿನ್ ಬೀರೂಲಿ ಮಡ್ಗಿ ಬೀಗ ಆಕ್ಕೊ. ಬೆಳ್ಗೆ ಒಂದು, ಸಂಜೆ ಒಂದು, ನೀನೇ ಎತ್ಕೊಡು. ನಾನು ಇಲ್ಲೇ, ಇವ್ರೆಲ್ಲರ ಎದುರ್ಗೆ ನುಂಗ್ತೀನಿ."

"ಇದೆಲ್ಲಾ ಯಾಕಕ್ಕ..."

"ಅಸಾನೇ ಎದುರ್ಗೆ ಕರ್ಸಿ ನೋಡ್ತೀರಿ. ನನ್ನೂ ನೋಡಿ."

ಬೇಡ ಎನ್ನಲು ನಾಗರಾಜುಗೆ ಯಾವ ನಿಯಮವೂ ನೆನಪಾಗಲಿಲ್ಲ. ಮಾತ್ರೆ ಕಿತ್ತು ಕೊಟ್ಟ. ಆಕೆ ಬಾಯಿಗೆ ಹಾಕಿ, ಹಾಲು ಕುಡಿದು, ಬಾಯಿ ಅಗಲ ತೆರೆದು, ನಾಲಿಗೆ ಎತ್ತಿ ತೋರಿಸಿದಳು. ಅಡಿಯಲ್ಲಿ ಏನೂ ಇಲ್ಲ.

"ಫ್ಯಾಟು ಎಷ್ಟು ಬಂತು ನೋಡ್ಲಾ ನಾಗರಾಜು," ಎಂದಳು ಸಾಲಿನಲ್ಲಿದ್ದ ಮಾರಮ್ಮ. ಎಲ್ಲರೂ ನಕ್ಕರು. ಚಿಕ್ಕಬೋರಮ್ಮ ನಗಲಿಲ್ಲ.

ಮೊದಲ ವಾರ ಅದೊಂದು ಆಟದಂತಿತ್ತು. ಹಾಲಿನ ಗಾಡಿ ಓಡಿಸುವ ಶ್ರೀರಂಗಪಟ್ಟಣದ ಕಲೀಂ ಕ್ಯಾನು ತುಂಬುವುದನ್ನು ನಿಲ್ಲಿಸಿ ನೋಡುತ್ತಿದ್ದ. ಅಷ್ಟೂ ಮಾತ್ರೆ ಒಟ್ಟಿಗೆ ನುಂಗಿದರೆ ಬೇಗ ವಾಸಿಯಾಗುತ್ತದೆಂದು ಯಾರೋ ಸಲಹೆ ಕೊಟ್ಟರು. ಆಮೇಲೆ ಅದು ಡೇರಿಯ ದಿನಚರಿಯಾಯಿತು. ಆಕೆ ತಡವಾಗಿ ಬಂದರೆ ಮಾರಮ್ಮ, "ತಡಿರ್ಲಾ, ಬೋರಕ್ಕನ ಮಾತ್ರೆ ಆಗ್ಲಿ," ಎಂದು ಗದರುತ್ತಿದ್ದಳು. ಒಂದು ಬೆಳಿಗ್ಗೆ ನಾಗರಾಜು ಮರೆತು ಬೀರುವಿಗೆ ಬೀಗ ಹಾಕಿ ಹೊರಟಾಗ ಹೇಮಶ್ರೀಯೇ ಅವನನ್ನು ಕೂಗಿ ನಿಲ್ಲಿಸಿದಳು.

ಮಾತ್ರೆಗಳು ಮುಗಿದ ಸಂಜೆ ಚಿಕ್ಕಬೋರಮ್ಮ ರವಿಕೆಯ ತೋಳು ಮೇಲಕ್ಕೆ ಎಳೆದು ಮೇಜಿನ ಮೇಲೆ ಕೈ ಚಾಚಿದಳು. ಮೊಣಕೈಯಲ್ಲಿದ್ದ ಹುಳುಕಡ್ಡಿಯ ಬಳೆ ಒಡೆದು ತೋಳಿಗೆ ಹತ್ತಿತ್ತು. ಅಂಚು ಕೆಂಪಾಗಿ, ಹೊಟ್ಟು ಏಳುತ್ತಿತ್ತು.

ಸಾಲಿನವರು ಹತ್ತಿರ ಬಂದು ಬಾಗಿ ನೋಡಿದರು. ನಾಗರಾಜುವಿನ ಮುಖ ಸಪ್ಪೆಯಾಯಿತು. ಅವನು ಎಲ್ಲರಿಗೂ ಕೇಳುವಂತೆ ಸ್ಪೀಕರು ಹಾಕಿ ಡಾಕ್ಟರಿಗೆ ಫೋನ್ ಮಾಡಿದ. ಒಂದು ತಿಂಗಳ ಮಾತ್ರೆಯನ್ನು ತಾನೇ ಕೈಯಾರೆ ಕೊಟ್ಟೆ, ಆಕೆ ತನ್ನ ಕಣ್ಣೆದುರೇ ನುಂಗಿದಳು, ರೋಗ ಹೆಚ್ಚಾಗಿದೆ ಎಂದು ವಿವರಿಸಿದ.

"ಬಾಯಲ್ಲಿ ಇಟ್ಕೊಂಡು ಆಚೆ ಹೋಗಿ ಉಗಿದಿರ್ತಾಳೆ ಬಿಡ್ರಿ," ಎಂದಿತು ಫೋನು. "ಇಂಥವರನ್ನ ಎಷ್ಟು ನೋಡಿಲ್ಲ ನಾನು."

"ಎಲೆ ಎಲೆ!" ಎಂದು ಮುಂದೆ ನುಗ್ಗಿದಳು ಮಾರಮ್ಮ. "ನಾವೇನ್ ಕುರುಡ್ರಾ ಅಂಗಾದ್ರೆ? ನಾಲ್ಗೆ ಎತ್ತಿ ತೋರ್ಸವ್ಳೆ ದಿನಾ! ಕೇಳ್ಲಾ ಅವನ್ನ, ಕೇಳು!" ಫೋನು ಅಷ್ಟರಲ್ಲಿ ಕಟ್ಟಾಗಿತ್ತು.

ಒಬ್ಬಳನ್ನು ಸುಳ್ಳಿ ಎಂದಾಗ ಸುಮ್ಮನಿದ್ದ ಸಾಲು, ತಮ್ಮ ಕಣ್ಣನ್ನೇ ಸುಳ್ಳು ಎಂದಾಗ ಕೆರಳಿತು. ಚಿಕ್ಕಬೋರಮ್ಮನಿಗೆ ಅದು ಸಮಾಧಾನವನ್ನೇನೂ ಕೊಡಲಿಲ್ಲ. ತಿಂಗಳ ಹಿಂದೆ ಇವರಲ್ಲಿ ಒಬ್ಬರಾದರೂ ಇಷ್ಟು ಜೋರಾಗಿ ಮಾತಾಡಿದ್ದರೆ ಎಂದುಕೊಂಡಳು.

ಕಲೀಂ ಕ್ಯಾನು ಕೆಳಗಿಟ್ಟು ಬಂದ. "ಅಕ್ಕಾ, ನಂಗೂ ಇತ್ತು ಇದು. ದಿನಪೂರ್ತಿ ಆ ಸೀಟ್ ಮೇಲೆ ಬೆವ್ರಲ್ಲಿ ಕೂತು... ಎಲ್ಲೆಲ್ಲಿ ಬಂದಿತ್ತು ಅಂತ ಇಲ್ಲಿ ಯೋಳಂಗಿಲ್ಲ."

"ಯೋಳ್ಬ್ಯಾಡ ಬುಡಪ್ಪ," ಎಂದಳು ಮಾರಮ್ಮ.

"ನಂಗೂ ಇದೇ ಮಾತ್ರೆ ಕೊಟ್ಟು ಕೊಟ್ಟು ಸಾಕಾಗಿತ್ತು. ನಮ್ಮೂರಲ್ಲಿ ಕಹಕಶಾನ್ ಅಂತ ಡಾಕ್ಟರಮ್ಮ ಅವ್ರೆ. ಚರ್ಮ ವಸಿ ಕೆರ್ದು ಮೈಸೂರಿಗೆ ಕಳ್ಸುದ್ರು. ಯಾವ ಔಷ್ದಿ ನಾಟಾಕಿಲ್ಲ ಅಂತ ಮಾರ್ನೆ ದಿನಾನೇ ಗೊತ್ತಾಗೋಯ್ತು. ಅಲ್ಲಾ ಕಸಂ, ಮಾರ್ನೆ ದಿನ."

"ಮಾರ್ನೆ ದಿನ?" ಎಂದಳು ಚಿಕ್ಕಬೋರಮ್ಮ. ತಿಂಗಳುಗಟ್ಟಲೆ ನುಂಗಿದ ಮಾತ್ರೆಗಳನ್ನು ಆಕೆ ಮನಸ್ಸಿನಲ್ಲೇ ಎಣಿಸತೊಡಗಿದಳು.

*

ಬೆಳಗಿನ ಹಾಲು ಇಳಿಸಿದ ಮೇಲೆ ಕಲೀಂ ಆಕೆಯನ್ನು ಗಾಡಿಯಲ್ಲೇ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದ. ಕಹಕಶಾನ್ ಸಣ್ಣ ವಯಸ್ಸಿನವರು. ಮೊದಲು ಬಾಗಿಲು ಹಾಕಿದರು. ಆಮೇಲೆ ಕೈ, ಸೊಂಟ, ಬೆನ್ನು ಎಲ್ಲವನ್ನೂ ಬೆಳಕಿನಲ್ಲಿ ನೋಡಿದರು. ಸ್ನಾನದ ವಿಷಯ ಕೇಳಲಿಲ್ಲ. ಟ್ಯೂಬಿನ ವಿಷಯ ಕೇಳಿದರು, ಚಿಕ್ಕಬೋರಮ್ಮ ಹೇಳಿದಳು.

"ಅದರಲ್ಲಿ ಸ್ಟೀರಾಯ್ಡ್ ಇರುತ್ತೆ ಅಮ್ಮ. ಕಡಿತ ನಿಲ್ಲಿಸುತ್ತೆ, ಫಂಗಸ್ಸನ್ನ ಒಳಗೇ ಬೆಳೆಸುತ್ತೆ. ಇನ್ನು ಮುಟ್ಟಬೇಡಿ."

"ಅಂಗಡೀಲಿ ಚೀಟಿ ಇಲ್ದೇನೇ ಕೊಡ್ತರಲ್ಲವ್ವ?"

"ಕೊಡಬಾರದು. ಕೊಡ್ತಾರೆ."

ಕಪ್ಪು ಕಾಗದ ಹಿಡಿದು, ಮೊಂಡು ಬ್ಲೇಡಿನಿಂದ ಗಾಯದ ಅಂಚನ್ನು ಕೆರೆದರು. ಬಿಳಿ ಹೊಟ್ಟು ಉದುರಿತು. ನೋಯಲಿಲ್ಲ. ಅದರಲ್ಲಿ ಒಂದಿಷ್ಟನ್ನು ಸೂಕ್ಷ್ಮದರ್ಶಕದಲ್ಲಿ ತಾವೇ ನೋಡಿದರು, ಉಳಿದದ್ದನ್ನು ಕಟ್ಟಿ ಮೈಸೂರಿನ ಪ್ರಯೋಗಾಲಯಕ್ಕೆ ಕಳಿಸಿದರು.

"ಮೊದಲು ಇದನ್ನ ತಟ್ಟೆಯಲ್ಲಿ ಬೆಳೆಸಿ ಔಷಧಿ ಹಾಕಿ ನೋಡ್ಬೇಕಿತ್ತು, ವಾರಗಟ್ಟಲೆ ಹಿಡೀತಿತ್ತು. ಈಗ ಫಂಗಸ್ಸಿನ ಜೀನನ್ನೇ ನೇರವಾಗಿ ಓದ್ತಾರೆ. ತಲುಪಿದ ಮೇಲೆ ಕೆಲವು ಗಂಟೆ ಸಾಕು."

ಮರುದಿನ ಸಂಜೆಗೆ ಫೋನು ಬಂತು. ಚಿಕ್ಕಬೋರಮ್ಮ ಕೊಟ್ಟಿಗೆಯಲ್ಲಿ ನಿಂತು ಕೇಳಿಸಿಕೊಂಡಳು.

"ಅಮ್ಮ, ನೀವು ನುಂಗ್ತಿದ್ದ ಮಾತ್ರೆ ಫಂಗಸ್ಸಿನ ಒಳಗೆ ಒಂದು ಜಾಗದಲ್ಲಿ ಹೋಗಿ ಕೂರಬೇಕು. ಕೂತರೆ ಅದು ಬೆಳೆಯೋದು ನಿಲ್ಲುತ್ತೆ. ನಿಮ್ಮ ಮೈಮೇಲಿರೋ ಫಂಗಸ್ಸಿನ ಜೀನಿನಲ್ಲಿ ಸಣ್ಣ ಬದಲಾವಣೆ ಆಗಿದೆ, ಆ ಜಾಗದ ಆಕಾರವೇ ಬೇರೆಯಾಗಿದೆ. ಮಾತ್ರೆಗೆ ಅಲ್ಲಿ ಕೂರೋಕೆ ಆಗ್ತಿಲ್ಲ."

"ಅಂದ್ರೆ ನಾನು ನುಂಗಿದ್ದು..."

"ನುಂಗಿದ್ದೀರಿ. ಸರಿಯಾಗೇ ನುಂಗಿದ್ದೀರಿ. ಎರಡಲ್ಲ, ನಾಲ್ಕು ನುಂಗಿದ್ರೂ ಇಷ್ಟೇ ಆಗ್ತಿತ್ತು."

ಚಿಕ್ಕಬೋರಮ್ಮ ಹಸುವಿನ ಬೆನ್ನಿನ ಮೇಲೆ ಕೈ ಊರಿದಳು. ಒಂದು ವರ್ಷದಲ್ಲಿ ಆಕೆಯ ಮಾತನ್ನು ಡಾಕ್ಟರೊಬ್ಬರು ನಿಜ ಎಂದದ್ದು ಇದೇ ಮೊದಲು.

ಡಾಕ್ಟರಮ್ಮ ಮುಂದುವರಿಸಿದರು. ಬೇರೆ ಕ್ಯಾಪ್ಸೂಲು ಬರೆಯುತ್ತೇನೆ, ಊಟವಾದ ತಕ್ಷಣ ತಗೊಳ್ಳಬೇಕು. ಈ ಪರೀಕ್ಷೆ ಯಾವುದು ಕೆಲಸ ಮಾಡುವುದಿಲ್ಲ ಎಂದು ಹೇಳಿದೆ. ಇನ್ನೊಂದು ಖಂಡಿತ ಮಾಡುತ್ತದೆ ಎಂದು ಹೇಳಿಲ್ಲ. ಹೆಚ್ಚಿನವರಲ್ಲಿ ಮಾಡುತ್ತದೆ, ನೋಡೋಣ. ತಿಂಗಳ ಮೇಲೆಯೂ ಬೇಕಾಗಬಹುದು.

"ಆಲಿಂದ ಅಂಟ್ಕತದಾ ಅವ್ವ?"

"ಹಾಲಿನಿಂದ ಇಲ್ಲ. ಮೈಗೆ ಮೈ ತಾಗಿದ್ರೆ, ಒಬ್ಬರ ಬಟ್ಟೆ ಇನ್ನೊಬ್ಬರು ಹಾಕ್ಕೊಂಡ್ರೆ, ಒಂದೇ ಟವೆಲ್ ಬಳಸಿದ್ರೆ ಅಂಟುತ್ತೆ. ತೋಳು ಮುಚ್ಚೋ ರವಿಕೆ ಹಾಕ್ಕೊಳ್ಳಿ. ಬೇರೆಯವರ ಟವೆಲ್ ಏನಾದ್ರೂ ಬಳಸ್ತೀರಾ?"

ಚಿಕ್ಕಬೋರಮ್ಮನ ಕಣ್ಣಿಗೆ ಡೇರಿಯ ಗೋಡೆಯ ಮೊಳೆ ಬಂತು. ಊರಿನವರೆಲ್ಲ ಎರಡು ಹೊತ್ತೂ ತೊಳೆದ ಕೈ ಒರೆಸುವ ಆ ಒಂದೇ ಒದ್ದೆ ಟವೆಲ್. ಹೇಳಿದಳು.

"ಅದರಿಂದಲೇ ಬಂತು ಅಂತ ಹೇಳೋಕಾಗಲ್ಲ," ಎಂದರು ಕಹಕಶಾನ್. "ಬಂದಿರಬಹುದು. ಮೊದಲು ಅದನ್ನ ತೆಗೆಸಿ."

"ಇನ್ನೊಂದ್ ಮಾತು ಅವ್ವ. ಈ ಪರೀಕ್ಷೆ ಪಾಂಡವಪುರ್ದಲ್ಲಿ ಯಾಕಿಲ್ಲ? ನಾಗಮಂಗಲ, ಕ್ಯಾರ್‌ಪೇಟೇಲಿ ಯಾಕಿಲ್ಲ?"

"ಈಗ ಇದು ಒಂದು ಅಧ್ಯಯನದ ಲೆಕ್ಕದಲ್ಲಿ ನಡೀತಿದೆ. ಅದು ಮುಗಿದ ಮೇಲೆ ನಾನು ಕಳಿಸಿದ್ದನ್ನ ತಗೊಳ್ತಾರೋ ಇಲ್ಲವೋ ಅದೂ ಗೊತ್ತಿಲ್ಲ. ಯಾಕೆ ಅಂತ ನಾನೂ ಕೇಳ್ತಾನೇ ಇದ್ದೀನಿ ಅಮ್ಮ."

*

ಮಾರನೆಯ ಬೆಳಿಗ್ಗೆ ಆಕೆ ಪಾಂಡವಪುರದ ಬಸ್ಸು ಹತ್ತಿದಳು. ಕೆಂಪಣ್ಣ ತಡೆದ. "ಔಷ್ದಿ ಸಿಕ್ತಲ್ಲ, ಇನ್ನೇನಮ್ಮಿ ಅಲ್ಲಿ?"

ಅರ್ಧ ಪರದೆಯ ಒಳಗೆ ಡಾಕ್ಟರ್ ರಘುನಂದನ್ ಆಕೆಯ ಮಾತನ್ನು ಕೊನೆಯವರೆಗೆ ಕೇಳಿದರು. ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ.

"ಓ, ರೆಸಿಸ್ಟೆನ್ಸಾ? ಈಗ ಎಲ್ಲಾ ಕಡೆ ಇದೆ ಅದು. ಕೆಲವು ವರ್ಷದಿಂದ ಓದ್ತಾನೇ ಇದ್ದೀವಿ."

ಚಿಕ್ಕಬೋರಮ್ಮ ಇಂಥ ಉತ್ತರವನ್ನು ನಿರೀಕ್ಷಿಸಿರಲಿಲ್ಲ. ಗೊತ್ತಿರಲಿಲ್ಲ ಎನ್ನುತ್ತಾರೆ ಎಂದುಕೊಂಡಿದ್ದಳು. ಗೊತ್ತಿರಲಿಲ್ಲ ಎಂದಿದ್ದರೆ ಎದ್ದು ಹೋಗುತ್ತಿದ್ದಳೇನೋ.

"ಅಂಗಾದ್ರೆ ನಿಮ್ಗೆ ಗೊತ್ತಿತ್ತು."

"ಸಾಮಾನ್ಯವಾಗಿ ಗೊತ್ತಿತ್ತಮ್ಮ. ನಿನಗೇ ಇದೆ ಅಂತ ಹೇಗೆ ಗೊತ್ತಾಗುತ್ತೆ?"

"ನಂಗಿಲ್ಲ ಅಂತಾನೂ ಗೊತ್ತಿರ್ನಿಲ್ವಲ್ಲ. ಸುಳ್ಳು ಯೋಳ್ತಳೆ ಅಂತ ಮಾತ್ರ ಎಂಗ್ ಗೊತ್ತಾಯ್ತು ಸ್ವಾಮಿ?"

"ನೋಡು, ಆ ಟೆಸ್ಟ್ ಇಲ್ಲಿ ಸಿಗಲ್ಲ. ಜೀನು, ಅದು ಇದು ಅಂತ ನಿಮಗೆಲ್ಲ ಹೇಳಿದ್ರೂ ಅರ್ಥ ಆಗಲ್ಲ."

"ಅದು ನಂಗೆ ಅರ್ಥ ಆಗಾಕಿಲ್ಲ ಅಂದ್ಕಂಡು ನೀವು ಯೋಳ್ನಿಲ್ಲ. ಸ್ನಾನ ಮಾಡ್ತೀಯಾ ಅನ್ನಾದು ಅರ್ಥ ಆಯ್ತದೆ ಅಂದ್ಕಂಡು ಅದ್ನೇ ಕೇಳುದ್ರಿ."

ಡಾಕ್ಟರು ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದರು. ಪರದೆಯ ಆಚೆ ಬೆಂಚಿನವರು ಕಿವಿಯನ್ನು ಇತ್ತಲೇ ಇಟ್ಟಿದ್ದರು.

"ಈಗ ನಿನಗೇನು ಬೇಕು?"

"ನಮ್ ನಾಗರಾಜುಗೆ ಫೋನ್ ಮಾಡಿ. ಅವತ್ತು ಫೋನಲ್ಲಿ ಅಂದ್ರಲ್ಲ, ಅಂಗೇ. ಆಯಮ್ಮ ಮಾತ್ರೆ ತಗಂಡವ್ಳೆ, ನಾನೇ ತಪ್ಪು ಯೋಳ್ದೆ ಅನ್ನಿ."

"ಆಚೆ ಎಷ್ಟು ಜನ ಕಾಯ್ತಿದ್ದಾರೆ ನೋಡಿದ್ಯಾ? ಹೋಗಮ್ಮ. ನೆಕ್ಸ್ಟ್!"

ಆಕೆ ಹೊರಬಂದಳು. ನೆಕ್ಸ್ಟ್ ಎಂದು ಕರೆಸಿಕೊಂಡವನು ಎದ್ದಿರಲಿಲ್ಲ. ಚಿಕ್ಕಸ್ವಾಮಿ ಎಂಬ ಹೆಸರನ್ನು ಕಾಂಪೌಂಡರು ಎರಡು ಸಲ ಕೂಗಿದ. ಅವನು ಕೂತಲ್ಲಿಂದಲೇ ಚಿಕ್ಕಬೋರಮ್ಮನ ಸೆರಗಿನತ್ತ ಬಾಗಿ ಕೇಳಿದ:

"ಅವ್ವ, ಆ ಆಸ್ಪತ್ರೆ ಶ್ರೀರಂಗಪಟ್ಣದಲ್ಲಿ ಎಲ್ಲೈತೆ?"

*

ಸಂಜೆ ಡೇರಿಗೆ ಬರುವಷ್ಟರಲ್ಲಿ ಸುದ್ದಿ ಕಲೀಂನ ಬಾಯಲ್ಲಿ ಮುಂದೆ ಓಡಿತ್ತು. ನಾಗರಾಜು ಎದ್ದು ನಿಂತ.

"ಬಾ ಅಕ್ಕ, ಬಾ. ಆಗಿದ್ದಾಯ್ತು. ಇವತ್ತಿಂದ ಉಯ್ಯಿ."

ಚಿಕ್ಕಬೋರಮ್ಮ ಉದ್ದ ತೋಳಿನ ರವಿಕೆ ತೊಟ್ಟಿದ್ದಳು. ಕ್ಯಾನನ್ನು ಮೇಜಿನ ಮುಂದೆ ಇಟ್ಟಳು. ಮುಚ್ಚಳ ತೆಗೆಯಲಿಲ್ಲ.

"ಮೊದ್ಲು ಯೋಳು."

"ಏನ್ ಯೋಳಾದು?"

"ಅವತ್ತು ಇಲ್ಲೇ ನಿಂತ್ಕಂಡು ಏನ್ ಅಂದ್ಯೋ ಅದ ವಾಪಸ್ ತಗೊ. ಮಂಚಯ್ಯ ಒಂದ್ ಅಸಿಗೆ ಮಾಡಿದ್ದ. ನಂಗೆ ಅಷ್ಟು ಮಾಡಾಕಾಗಾಕಿಲ್ವಾ?"

ನಾಗರಾಜು ಸಾಲನ್ನು ನೋಡಿದ. ಸಾಲು ಅವನನ್ನು ನೋಡಿತು. ಕಲೀಂ ಗಾಡಿಯ ಎಂಜಿನ್ನು ನಿಲ್ಲಿಸಿದ.

"ಅಕ್ಕ ಮಾತ್ರೆ ತಗಂಡವ್ರೆ," ಎಂದು ನಾಗರಾಜು ಗೊಣಗಿದ.

"ಫ್ಯಾಟು ಕಾಣ್ತಿಲ್ಲ, ಜೋರಾಗಿ," ಎಂದಳು ಮಾರಮ್ಮ.

"ಅಕ್ಕ ಒಂದಿನಾನೂ ತಪ್ಪುಸ್ದೆ ಮಾತ್ರೆ ತಗಂಡವ್ರೆ! ಮಾತ್ರೇನೇ ಕೆಲ್ಸ ಮಾಡ್ನಿಲ್ಲ. ನಾನು ತಿಳೀದೆ ಅಂದ್ಬುಟ್ಟೆ. ಸಾಕಾ?"

ಹೇಮಶ್ರೀ ಬಾಯಿ ತೆರೆದಳು, ಏನೋ ಹೇಳಲು ಹೋಗಿ, "ಅತ್ತೆ..." ಎಂದಷ್ಟೇ ಹೇಳಿ ನಿಲ್ಲಿಸಿದಳು. ಚಿಕ್ಕಬೋರಮ್ಮ ಅವಳತ್ತ ತಲೆಯಾಡಿಸಿದಳು. ಕ್ಷಮಿಸಿದ್ದೇನೆ ಎಂಬಂತೆ ಅಲ್ಲ, ಕೇಳಿಸಿತು ಎಂಬಂತೆ.

ಆಮೇಲೆ ನಲ್ಲಿಯ ಹತ್ತಿರ ಹೋಗಿ ಮೊಳೆಯಲ್ಲಿದ್ದ ಟವೆಲ್ಲನ್ನು ಕೋಲಿನಿಂದ ಎತ್ತಿ, ಡೇರಿಯ ಹಿಂದೆ ಕಸ ಸುಡುವ ಗುಂಡಿಗೆ ಹಾಕಿ ಬಂದಳು. ಡಾಕ್ಟರಮ್ಮ ಹೇಳಿದ್ದನ್ನು ಹೇಳಿದಳು. ಕೈ ತೊಳೆಯಿರಿ, ಒರೆಸುವುದಾದರೆ ಅವರವರ ಸೆರಗಿಗೆ ಒರೆಸಿಕೊಳ್ಳಿ.

ನಾಗರಾಜುವಿನ ಕೈ, ಅವನಿಗೇ ಗೊತ್ತಿಲ್ಲದೆ, ಬೀಗದ ಕೈ ಸಮೇತ ಬೆಲ್ಟಿನ ಹಿಂದಕ್ಕೆ ಹೋಗಿತ್ತು. ಚಿಕ್ಕಬೋರಮ್ಮ ನೋಡುತ್ತಿದ್ದಳು.

"ನಿಂಗೆ ಎಷ್ಟ್ ದಿನದಿಂದ ಐತ್ಲಾ?"

ಅವನು ಕೈ ಕೆಳಗಿಳಿಸಿದ. ದನಿ ತಗ್ಗಿಸಿ ಹೇಳಿದ: "ಸಂಕ್ರಾಂತಿಯಿಂದ."

"ಅದೇ ಡಾಕ್ಟ್ರಾ? ಅದೇ ಮಾತ್ರೆನಾ?"

"ಊಂ."

"ನಿನ್ನೂ ಕೇಳುದ್ರಾ, ಸ್ನಾನ ಮಾಡ್ತೀಯಾ ಅಂತ?"

ನಾಗರಾಜು ಮಿಷಿನ್ನಿನ ವಯರನ್ನು ಸರಿ ಮಾಡಿದ. ಅದು ಸರಿಯಾಗಿಯೇ ಇತ್ತು. "ಕೇಳುದ್ರು."

"ಏನಂದೆ?"

"ಮಾಡ್ತೀನಿ ಅಂದೆ."

"ನಂಬುದ್ರಾ?"

ಅವನು ಬೀಗದ ಕೈ ಗೊಂಚಲನ್ನು ಮೇಜಿನ ಮೇಲಿಟ್ಟ. ಸಾಲಿನಲ್ಲಿ ಈ ಸಲ ಯಾರೂ ನಗಲಿಲ್ಲ. ಯಾರೋ ಒಬ್ಬಳು ಸೆರಗನ್ನು ಸೊಂಟದ ಮೇಲೆ ಬಿಗಿಯಾಗಿ ಎಳೆದುಕೊಂಡಳು. ಅವಳ ಹಿಂದಿನವಳು ಅದನ್ನು ನೋಡಿ ತನ್ನದನ್ನೂ ಎಳೆದುಕೊಂಡಳು.

ಚಿಕ್ಕಬೋರಮ್ಮ ಮುಚ್ಚಳ ತೆಗೆದು ಹಾಲು ಸುರಿದಳು. ನಾಗರಾಜು ಮಿಷಿನ್ನಿಗೆ ಹಿಡಿದ. ಕೆಂಪು ಅಕ್ಷರ ಬಂತು. ಆಕೆ ಅದನ್ನು ಓದಲಿಲ್ಲ, ಗಾಡಿಯ ಕಡೆಗೆ ತಿರುಗಿದ್ದಳು.

"ಲೋ ಕಲೀಂ, ನಾಳೆ ಆಲು ಇಳ್ಸಿದ್ ಮೇಲೆ ಗಾಡೀಲಿ ಜಾಗ ಐತೇನ್ಲಾ?"

"ಎಷ್ಟ್ ಜನ ಅಕ್ಕಾ?"

"ಅದ ನನ್ನ ಕೇಳ್ಬ್ಯಾಡ," ಎಂದು ಆಕೆ ಖಾಲಿ ಕ್ಯಾನನ್ನು ಎತ್ತಿಕೊಂಡು, ಸಾಲಿನ ಕಡೆಗೆ ಕೈ ತೋರಿಸಿದಳು.